ಗಣಿತ 37, ಭಾಷೆ 54: ಹಂಗಂದ್ರ ಗಣಿತ ಮಾಸ್ತರದೇ ತಪ್ಪಾ?

ಸುರಪುರ ಮಾಸ್ತರ
ನಮಸ್ಕಾರ್ರಿ ಎಲ್ಲರಿಗೂ. ಯಾದಗಿರಿ ಜಿಲ್ಲಾದಾಗ ಒಂದು ಸರ್ಕಾರಿ ಪ್ರೌಢಶಾಲ್ಯಾಗ ಗಣಿತ ಕಲಸ್ತೀನಿ. ಶಾಲಾ ಮಕ್ಕಳು ಎಷ್ಟು ಕಲ್ತಾರ ಅಂತ ದೇಶದ ತುಂಬ ಅಳೆಯೋ ಕೇಂದ್ರದ ಸರ್ವೇ, ಪರಖ್ ರಾಷ್ಟ್ರೀಯ ಸರ್ವೇಕ್ಷಣ 2024ರ ವರದಿ ಬಂದಾಗಿಂದ ನಮ್ಮ ಸ್ಟಾಫ್ ರೂಮಿನಾಗ ಒಂದು ಜಗಳ ಹತ್ತೇದ, ಇನ್ನೂ ಆರಿಲ್ಲ. 9ನೇ ತರಗತಿಗೆ ದೇಶದ ಸರಾಸರಿ ಭಾಷೆ ಶೇ. 54, ವಿಜ್ಞಾನ 40, ಸಮಾಜ ವಿಜ್ಞಾನ 40, ಗಣಿತ 37. ಇದನ್ನ ಬೋರ್ಡ್ ಮ್ಯಾಲ ಬರದು ನಮ್ಮ ಕನ್ನಡ ಪಂಡಿತರು "ನಮ್ಮ ಕೆಲಸ ನಾವು ಮಾಡೀವಿ, ಮುಂದಿಂದು ನಿಮ್ಮ ಪಾಲಿಂದು" ಅಂತಾರ. ಮುಖ್ಯಗುರುಗಳೂ ಅದಕ್ಕ ಹೂಂಗುಡ್ತಾರ. ಈಗ ಗಣಿತಕ್ಕಷ್ಟ ಸಂಜೀಕ ಹೆಚ್ಚಿನ ಕ್ಲಾಸು, ವಾರಕ್ಕೊಂದು ಒಎಂಆರ್ (ಗೋಲ ತುಂಬಿ ಉತ್ತರ ಗುರುತಿಸೋ) ಟೆಸ್ಟು ಅಂತ ಹುಕುಂ ಆಗೇದ.

ನಾ ಕೇಳೋದು ಇಷ್ಟ. ಭಾಷೆಯ 54, ಗಣಿತದ 37 ಎರಡೂ ಜೋಡಿಸಿಟ್ಟು ಇದು ಮ್ಯಾಲ ಅದು ಕೆಳಗ ಅನ್ನಬಹುದಾ? ಈ ಅಳತಿ ಹ್ಯಾಂಗ ಮಾಡ್ತಾರ? ಗೊತ್ತಿದ್ದವ್ರು ಬಿಡಿಸಿ ಹೇಳ್ರಿ. ಬರೀ ಸರ್ಕಾರಕ್ಕ ಬೈಯೋರಿಗೆ ಬೇರೆ ಕಟ್ಟಿ ಅದ.

ಜವಾರಿ ಹುಡುಗ, ಕಲಬುರಗಿ
54ಕ್ಕ ಫಸ್ಟ್ ಕ್ಲಾಸೂ ಬರಂಗಿಲ್ಲ, ಪಂಡಿತರಿಗೆ ಹೇಳ್ರಿ.

ಕೆಂಬಾಳೆ, ಕಮಲಾಪುರ
ಸರ, ನಾನು ಡಯಟ್‌ನಾಗ (ಜಿಲ್ಲಾ ಶಿಕ್ಷಕರ ತರಬೇತಿ ಸಂಸ್ಥೆ) ಡಿ.ಎಡ್ ಓದೋವಾಗ 2021ರ ನ್ಯಾಸ್‌ಗೆ, ಅಂದ್ರ ಪರಖ್‌ಗಿಂತ ಮೊದಲಿನ ಇಂಥದೇ ರಾಷ್ಟ್ರೀಯ ಸಾಧನಾ ಸಮೀಕ್ಷೆಗೆ, ಫೀಲ್ಡ್ ಇನ್ವೆಸ್ಟಿಗೇಟರ್ (ಶಾಲೆಗೆ ಹೋಗಿ ಸರ್ವೇ ನಡಸೋವ) ಆಗಿ ಹೋಗಿದ್ದೆ. ಒಳಗ ಏನು ನಡೀತದ ಹೇಳ್ತೀನಿ. ಅವತ್ತು 12 ನವೆಂಬರ್, ದೇಶದ ತುಂಬ ಒಂದೇ ದಿನ. ಸುಮಾರು 34 ಲಕ್ಷ ಮಕ್ಕಳು, 1.18 ಲಕ್ಷ ಶಾಲೆ, 720 ಜಿಲ್ಲೆ. ಆಗ 3, 5, 8, 10ನೇ ತರಗತಿ. 3 ಮತ್ತ 5ಕ್ಕ ಭಾಷೆ, ಗಣಿತ, ಪರಿಸರ ಅಧ್ಯಯನ. 8ಕ್ಕ ಭಾಷೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನ. 10ಕ್ಕ ಇದರ ಮ್ಯಾಲ ಇಂಗ್ಲಿಷೂ ಇತ್ತು. ಸಣ್ಣವರಿಗೆ ಒಂದೂವರೆ ತಾಸು, ದೊಡ್ಡವರಿಗೆ ಎರಡು ತಾಸು.

ಯಾವ ಶಾಲೆ ಅನ್ನೋದು ಮೊದಲೇ ಆಯ್ಕೆಯಾಗಿ ಬರ್ತದ. ಒಂದು ತರಗತಿಯಾಗ ಹೆಚ್ಚಂದ್ರ 30 ಮಕ್ಕಳು. ಅದಕ್ಕಿಂತ ಹೆಚ್ಚಿದ್ರ ಆರಿಸೋದಕ್ಕೂ ಒಂದು ಲೆಕ್ಕ ಕೊಟ್ಟಿರ್ತಾರ, ಮಾಸ್ತರು ಶಾಣ್ಯಾ ಹುಡುಗ್ರನ್ನ ಮುಂದ ಕೂಡ್ಸೋದು ನಡಿಯಂಗಿಲ್ಲ. ಎಲ್ಲಾ ನಾಕು ಆಯ್ಕೆ ಪ್ರಶ್ನೆ. ಬರೆಯೋದಿಲ್ಲ, ಮಾತಾಡೋದಿಲ್ಲ. ಇದರ ಜೋಡಿ ಮಕ್ಕಳಿಗೊಂದು, ಶಿಕ್ಷಕರಿಗೊಂದು, ಶಾಲೆಗೊಂದು ಪ್ರಶ್ನಾವಳಿ ಬ್ಯಾರೆ ಇರ್ತದ: ಮನ್ಯಾಗ ಯಾವ ಮಾತು, ಶಾಲೆಗೆ ಹ್ಯಾಂಗ ಬರ್ತಿ, ಇಂಥವು.

ಯಾವ ಹುಡುಗಗೂ ಇಷ್ಟು ಮಾರ್ಕ್ಸ್ ಬಂತು ಅಂತ ಯಾರೂ ಹೇಳಂಗಿಲ್ಲ. ಅದು ಹುಡುಗನ ಪರೀಕ್ಷಾನೇ ಅಲ್ಲ.

ತೊಗರಿ ರಾಶಿ, ಆಳಂದ
ನಾನು ಮಾಸ್ತರ ಅಲ್ಲ, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯ. ಮೂವತ್ತು ಹುಡುಗ್ರನ್ನ ಕೂಡ್ಸಿ ಇಡೀ ಜಿಲ್ಲೆ ಹಣೇಬರಹ ಬರೆಯೋದು ಹ್ಯಾಂಗ ಅಂತ ಮೊದಲು ನನಗೂ ಅನಸ್ತಿತ್ತು. ಆದ್ರ ಎಪಿಎಂಸಿಯಾಗ ಚೀಲಕ್ಕ ಚುಚ್ಚಿ ಒಂದು ಹಿಡಿ ತೊಗರಿ ತಗದು ನೋಡಿ ಇಡೀ ಲಾಟಿಗೆ ರೇಟ್ ಕಟ್ಟಂಗಿಲ್ಲೇನು? ಮ್ಯಾಲಿಂದಷ್ಟ ತಗದ್ರ ಮೋಸ, ನಡುವಿಂದ ತಗದ್ರ ಬರಾಬರ್. ಸವಾಲು ಚುಚ್ಚೋ ಕೈದು.

ಹತ್ತಿ ಹೊಲ, ಶಹಾಪುರ
@ತೊಗರಿ ರಾಶಿ ಅಣ್ಣಾ, ಚುಚ್ಚೋದಕ್ಕ ಚೀಲ ಅಂಗಡಿಯಾಗ ಇರಬೇಕಲ್ಲ. ತಾರೀಖು ನೋಡ್ರಿ: 2017ರ ನ್ಯಾಸ್ 13 ನವೆಂಬರ್, 2021ರದು 12 ನವೆಂಬರ್, ಪರಖ್ 4 ಡಿಸೆಂಬರ್. ಮೂರೂ ನಮ್ಮ ಕಡಿ ಹತ್ತಿ ಬಿಡಿಸೋ ದಿವಸ. ನಾನು ಹಿರಿಯ ಪ್ರಾಥಮಿಕ ಶಾಲ್ಯಾಗ ಇದೀನಿ, ಆ ಹೊತ್ತಿಗೆ ಹಿಂದಿನ ಬೆಂಚು ಖಾಲಿ ಖಾಲಿ. ಕೆಲವರು ಅವ್ವ-ಅಪ್ಪನ ಜೋಡಿ ಬೆಂಗಳೂರು, ಪುಣೆ, ಮುಂಬೈಗೆ ದುಡಿಯಾಕ ಹೋಗಿರ್ತಾರ. ಉಳದವರು ಹೊಲದಾಗ. ಹಾಜರಿ ಪುಸ್ತಕದಾಗ ಹೆಸರಿರ್ತದ, ಸರ್ವೇದಾಗ ಇರಂಗಿಲ್ಲ. ಅವತ್ತು ಬಂದು ಕುಂತವರಷ್ಟ ಲೆಕ್ಕಕ್ಕ.

ಹಂಗಂದ್ರ ನಮ್ಮ ಜಿಲ್ಲೆ ಅಂಕಿ ಎಷ್ಟು ಕಮ್ಮಿ ಕಂಡ್ರೂ ಖರೆ ಪರಿಸ್ಥಿತಿ ಅದಕ್ಕಿಂತ ಕಮ್ಮೀನೇ ಇರ್ತದ. ಇದನ್ನ ಯಾರೂ ಹೇಳಂಗಿಲ್ಲ.

ಜವಾರಿ ಹುಡುಗ, ಕಲಬುರಗಿ
ಇದು ಖರೆ ಪಾಯಿಂಟ್.

ಅಂಕಿಅಂಶ, ಬೀದರ
ಮಾಸ್ತರ್ರ ಪ್ರಶ್ನೆಗೆ ಬರ್ತೀನಿ. ಕಾಲೇಜಿನಾಗ ಸಂಖ್ಯಾಶಾಸ್ತ್ರ ಹೇಳ್ತೀನಿ, ಜರಾ ಉದ್ದ ಆಗ್ತದ, ತಡಕೊಳ್ರಿ.

ಶೇ. 37 ಅಂದ್ರ ಕೇಳಿದ ಗಣಿತದ ಪ್ರಶ್ನೆಗಳ ಪೈಕಿ ಸರಾಸರಿ 37 ಭಾಗಕ್ಕ ಸರಿ ಉತ್ತರ ಬಂತು ಅಂತ. ಈ ಅಂಕಿಯಾಗ ಎರಡು ಸಂಗತಿ ಕೂಡ್ಯಾವ: ಹುಡುಗನಿಗೆ ಎಷ್ಟು ಬರ್ತದ, ಪ್ರಶ್ನೆ ಎಷ್ಟು ಗಟ್ಟಿ ಇತ್ತು. ನಾಳೆ ಅದೇ ಹುಡುಗ್ರಿಗೆ ಸರಳ ಗಣಿತ, ಕಠಿಣ ಭಾಷಾ ಪೇಪರ್ ಕೊಟ್ರ ಅಂಕಿ ಉಲ್ಟಾ ಆಗ್ತದ. ಭಾಷೆ ಪ್ರಶ್ನೆ, ಗಣಿತ ಪ್ರಶ್ನೆ ಎರಡೂ ಸಮ ತೂಕದವು ಅನ್ನಾಕ ಯಾವ ತಕ್ಕಡಿನೂ ಇಲ್ಲ. ಹಿಂಗಾಗಿ 54 ಮತ್ತ 37 ಇಟ್ಟು ಇಬ್ಬರು ಮಾಸ್ತರ್ರನ್ನ ತೂಗೋದು ಬಿಲ್ಕುಲ್ ತಪ್ಪು. ಅಮೆರಿಕದಾಗ ನೇಪ್ ಅಂತ ಇಂಥದೇ ರಾಷ್ಟ್ರೀಯ ಸಮೀಕ್ಷೆ 1969ರಿಂದ ನಡದದ. ಅವರು ಪ್ರತಿ ವಿಷಯಕ್ಕೂ ಬ್ಯಾರೆ ಮಾಪಕ ಕಟ್ಟಿ, ಒಂದು ವಿಷಯದ ಅಂಕಿ ಇನ್ನೊಂದರ ಜೋಡಿ ಹೋಲಿಸಬ್ಯಾಡ್ರಿ ಅಂತ ತಾವೇ ಹೇಳ್ತಾರ.

ಇನ್ನೊಂದು ಮಾತು. ನಾಕು ಆಯ್ಕೆ ಇದ್ದಾಗ ಕಣ್ಣು ಮುಚ್ಚಿ ಗೋಲ ತುಂಬಿದ್ರೂ ಸರಾಸರಿ 25 ಬರ್ತದ. 37ನ್ನ ಸೊನ್ನೆಯಿಂದ ಅಲ್ಲ, 25ರಿಂದ ಎಣಿಸಿ ನೋಡ್ರಿ. ಆಗ ಎದಿ ಧಸಕ್ ಅಂತದ. ಅಂದ್ರ ಪಂಡಿತರು ಹೇಳೋ ಹೋಲಿಕೆ ತಪ್ಪಾದ್ರೂ, ಗಣಿತ ಚೊಲೋ ಅದ ಅಂತ ಅರ್ಥ ಅಲ್ಲ.

ಸುರಪುರ ಮಾಸ್ತರ
ಕಡೀ ಸಾಲು ಬರೀಬಾರದಿತ್ತು ನೀವು, ಅದನ್ನೂ ಬೋರ್ಡಿಗೆ ಹಚ್ತಾರ.

ಕನ್ನಡ ಮೇಡಂ, ಭಾಲ್ಕಿ
ನಾನೂ ಭಾಷಾ ಶಿಕ್ಷಕಿ, ನನ್ನ ಪರವಾಗಿ ನಾನೇ ಹೇಳಿಕೊಳ್ಳೋದು. 54 ನೋಡಿ ನಾವು ಹಿಗ್ಗೋ ಹಂಗಿಲ್ಲ. ಈ ಸರ್ವೇದಾಗ ಭಾಷೆ ಅಂದ್ರ ಗದ್ಯಭಾಗ ಓದಿ ಅದರ ಕೆಳಗಿನ ಪ್ರಶ್ನೆಗೆ ಗುರುತು ಹಾಕೋದು, ಅಷ್ಟ. ಹುಡುಗ ನಾಕು ಸಾಲು ಸ್ವಂತ ಬರೀತಾನೋ, ಪತ್ರ ಬರೀತಾನೋ, ಎದ್ದು ನಿಂತು ಮಾತಾಡ್ತಾನೋ, ಒತ್ತಕ್ಷರ ಬಿಡ್ತಾನೋ ಇಲ್ಲೋ, ಯಾವುದೂ ಅಳತಿಗೆ ಸಿಗಂಗಿಲ್ಲ. ನನ್ನ ಕ್ಲಾಸಿನಾಗ ಸರಿ ಉತ್ತರಕ್ಕ ಗುರುತು ಹಾಕೋ ಹುಡುಗಿಗೆ ರಜಾ ಅರ್ಜಿ ಬರೆಯಾಕ ಬರಂಗಿಲ್ಲ.

ಮತ್ತ ಗಣಿತ, ವಿಜ್ಞಾನದ ಪ್ರಶ್ನೆಗಳೂ ಈಗ ಉದ್ದುದ್ದ ಸಂದರ್ಭ ಕೊಟ್ಟೇ ಕೇಳ್ತಾರ. ಓದಾಕ ಬರದ ಹುಡುಗ ಅಲ್ಲೂ ಸೋತ. ಅವನ ಸೋಲು ಗಣಿತದ ಖಾತೆಗೆ ಜಮಾ ಆಗ್ತದ, ನಮ್ಮ ಖಾತೆಗಲ್ಲ. ಸುರಪುರ ಸರ್, ಇದನ್ನ ನಿಮ್ಮ ಪಂಡಿತರ ಮುಂದ ಇಡ್ರಿ.

ಸೇಡಂ ಕಲ್ಲು
ಮೇಡಂ ಪಕ್ಷ ಬದಲಾಯಿಸಿದ್ರು.

ಕನ್ನಡ ಮೇಡಂ, ಭಾಲ್ಕಿ
@ಸೇಡಂ ಕಲ್ಲು ಪಕ್ಷ ಇದ್ರ ತಾನೇ ಬದಲಾಯಿಸೋದು.

ಮೈಸೂರು ಮಲ್ಲಿಗೆ ತೋಟ
ಕ್ಷಮಿಸಿ, ಹೊರಗಿನವನು ಮಾತಾಡ್ತಿದ್ದೀನಿ. ಅಳತೆಗೋಲಿನ ಬಗ್ಗೆ ಇಷ್ಟು ಉದ್ದ ಚರ್ಚೆ ಮಾಡೋ ಬದಲು ಫಲಿತಾಂಶ ನೋಡಿ. 2024ರ ಎಸ್ಸೆಸ್ಸೆಲ್ಸಿಯಲ್ಲಿ ಯಾದಗಿರಿ ಕೊನೆ, ಶೇ. 50.59. 2025ರ ಪರೀಕ್ಷೆ-1ರಲ್ಲಿ ಕಲಬುರಗಿ ಕೊನೆ, ಶೇ. 42.43. ಅದೇ ವರ್ಷ ದಕ್ಷಿಣ ಕನ್ನಡ 91.12. ಯಾವ ಗೋಲಿನಲ್ಲಿ ಅಳೆದರೂ ಅದೇ ಉತ್ತರ ಬರುತ್ತಲ್ಲ?

ಜವಾರಿ ಹುಡುಗ, ಕಲಬುರಗಿ
ಬಂದ್ರು ನೋಡ್ರಿ ಸಾಹೇಬ್ರು.

ಹಳೇ ಮುಖ್ಯಗುರು, ಚಿತ್ತಾಪುರ
@ಮೈಸೂರು ಅವರೇ, ನೀವು ಕೊಟ್ಟ ಅಂಕಿ ಸರಿನೇ ಅದಾವ, ಸಿಟ್ಟಿಲ್ಲ. ಆದ್ರ ಎಸ್ಸೆಸ್ಸೆಲ್ಸಿ ಮತ್ತ ಈ ಸರ್ವೇ ಬ್ಯಾರೆ ಬ್ಯಾರೆ ಜಾತಿ. ಎಸ್ಸೆಸ್ಸೆಲ್ಸಿ ಪಾಸು-ನಪಾಸಿನ ಪರೀಕ್ಷಾ, ನಿಯಮ ಬದಲಾದ್ರ ಅಂಕಿ ಬದಲಾಗ್ತದ. 2024ರಾಗ ವೆಬ್‌ಕಾಸ್ಟಿಂಗ್ (ಪರೀಕ್ಷಾ ಖೋಲಿ ಮ್ಯಾಲ ಕ್ಯಾಮೆರಾ ಕಣ್ಣು) ಬಂತು, ಫಲಿತಾಂಶ ಧೊಪ್ಪಂತ ಬಿತ್ತು, ಆಮ್ಯಾಲ ಕೃಪಾಂಕ ಶೇ. 20ಕ್ಕ ಏರ್ಸಿದ್ರು. 2025ಕ್ಕ ಅದನ್ನ ತಗದ್ರು. ಒಂದೇ ಮಟ್ಟದ ಹುಡುಗ ಒಂದು ವರ್ಷ ಪಾಸು, ಇನ್ನೊಂದು ವರ್ಷ ನಪಾಸು ಆಗಬಹುದು. ಸರ್ವೇದಾಗ ಪಾಸೂ ಇಲ್ಲ, ಕೃಪಾಂಕಾನೂ ಇಲ್ಲ.

ಇನ್ನು ನಮ್ಮ ಭಾಗ ಹಿಂದ ಯಾಕ ಅನ್ನೋದಕ್ಕ 2002ರಾಗೇ ಪ್ರಾದೇಶಿಕ ಅಸಮತೋಲನದ ಬಗ್ಗೆ ನಂಜುಂಡಪ್ಪ ಸಮಿತಿ ವರದಿ ಕೊಟ್ಟದ. ನಮ್ಮ ಭಾಗಕ್ಕ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371ಜೆ ಬಂದು ಹತ್ತು ವರ್ಷದ ಮ್ಯಾಲಾತು. 2011ರ ಜನಗಣತಿಯಾಗ ಯಾದಗಿರಿ ಸಾಕ್ಷರತೆ ಶೇ. 51.83, ರಾಜ್ಯದಾಗೇ ಕಮ್ಮಿ. ಅಂದ್ರ ಇವತ್ತು 9ನೇ ಕ್ಲಾಸಿನಾಗ ಕುಂತ ಹುಡುಗನ ಅವ್ವಗ ಓದಾಕ ಬರ್ತದ ಅಂತ ಹಿಡಿಯಾಂಗಿಲ್ಲ. ಮಂಗಳೂರಿನ ಹುಡುಗನ ಹೋಂವರ್ಕು ನೋಡಾಕ ಮನ್ಯಾಗ ಇಬ್ಬರು, ಮ್ಯಾಲ ಟ್ಯೂಷನ್. ಅಂಕಿ ಪಕ್ಕಕ್ಕ ಇದನ್ನೂ ಬರೀರಿ.

ಮೈಸೂರು ಮಲ್ಲಿಗೆ ತೋಟ
ಒಪ್ಪಿದೆ ಸರ್. ಆದರೆ ಎಷ್ಟು ವರ್ಷ ಅಂತ ಕಾರಣ ಹೇಳೋದು, ಅದಕ್ಕೂ ಒಂದು ಮಿತಿ ಬೇಕಲ್ಲವೇ?

ಹಳೇ ಮುಖ್ಯಗುರು, ಚಿತ್ತಾಪುರ
ಖಾಲಿ ಹುದ್ದೆ ತುಂಬಿದ ಮರುವರ್ಷದಿಂದ ನಿಲ್ಲಸ್ತೀನಿ.

ಹತ್ತಿ ಹೊಲ, ಶಹಾಪುರ
ಚಪ್ಪಾಳಿ.

ಗೋಳಗುಮ್ಮಟ ನೋಡಿ ಬಂದವ
ಈ ಸಲ ಕಲಬುರಗಿ ಬಿಸಲು ಹ್ಯಾಂಗದ? ಮುಂದಿನ ವಾರ ಮದುವಿಗೆ ಬರಬೇಕು.

ಸೇಡಂ ಕಲ್ಲು
ಬರ್ರಿ, ನೀವೇ ಅಳೀರಿ. ಶಹಾಬಾದ್ ಕಡಿ ಹೋದ್ರ ಮಾಪಕ ಒಡೀತದ.

ನಿರ್ವಾಹಕ
ಬಿಸಲಿಗೆ ಬ್ಯಾರೆ ಎಳೆ ಅದ. ವಿಷಯಕ್ಕ ಬರ್ರಿ.

ಔರಾದ ಅಕ್ಕ
ನನ್ನ ಮಗ ಮರಾಠಿ ಮಾಧ್ಯಮ. ಮನ್ಯಾಗ ಮರಾಠಿ, ಓಣ್ಯಾಗ ಕನ್ನಡ, ಬೀದರಕ್ಕ ಹೋದ್ರ ದಖನಿ. ಅವನಿಗೆ ಯಾವ ಭಾಷಾದಾಗ ಪ್ರಶ್ನೆ ಕೊಡ್ತಾರ?

ಕೆಂಬಾಳೆ, ಕಮಲಾಪುರ
ಅಕ್ಕಾ, ಶಾಲೆಯ ಮಾಧ್ಯಮದಾಗೇ ಕೊಡ್ತಾರ. 2021ರದು 22 ಭಾಷಾದಾಗ ಇತ್ತು. ಕನ್ನಡ, ಮರಾಠಿ, ಉರ್ದು ಮೂರೂ ಇದ್ವು. ಆದ್ರ ತಾಂಡಾದ ಮಕ್ಕಳ ಗೋಳು ಬ್ಯಾರೆ. ಮನಿ ಮಾತು ಲಂಬಾಣಿ, ಪೇಪರು ಕನ್ನಡ. 3ನೇ ತರಗತಿ ಮಕ್ಕಳ ಮುಂದ ಪ್ರಶ್ನೆ ಗಟ್ಟಿ ಓದಿ ಹೇಳ್ತಾರ, ಹಂಗಾಗಿ ಸಣ್ಣವರು ಹೆಂಗೋ ಪಾರಾಗ್ತಾರ. ಮ್ಯಾಲಿನ ತರಗತಿಯವರು ತಾವೇ ಓದಬೇಕು. ಅಲ್ಲಿ ಮುಗ್ಗರಸ್ತಾರ.

ಅಂಕಿಅಂಶ, ಬೀದರ
ಓದಾಕ ಬರ್ತದೋ ಇಲ್ಲೋ ನೋಡಾಕ 2022ರ ಮಾರ್ಚ್‌ನಾಗ ಬುನಾದಿ ಕಲಿಕಾ ಅಧ್ಯಯನ ಅಂತ ಬ್ಯಾರೆ ಮಾಡಿದ್ರು. 3ನೇ ತರಗತಿ ಮಾತ್ರ, ಸುಮಾರು 86 ಸಾವಿರ ಮಕ್ಕಳು, ಒಬ್ಬೊಬ್ಬರನ್ನೇ ಎದುರು ಕೂಡ್ಸಿಕೊಂಡು ಓದಿಸಿ ನೋಡೋದು. ನಿಮಿಷಕ್ಕ ಎಷ್ಟು ಪದ ಸರಿ ಓದ್ತಾನ, ಅರ್ಥ ಆಗ್ತದೋ ಇಲ್ಲೋ. ಒಎಂಆರ್‌ಗಿಂತ ಭಾಳ ಖರ್ಚಿನ ಕೆಲಸ, ಆದ್ರ ಓದು ಅಂದ್ರ ಏನು ಅನ್ನೋದು ಅಲ್ಲೇ ಕಾಣ್ತದ.

ಜವಾರಿ ಹುಡುಗ, ಕಲಬುರಗಿ
ಮಕ್ಕಳ ಓದು-ಲೆಕ್ಕ ನೋಡೋ ಅಸರ್ ವರದಿ ಮಂದಿನೂ ಹಂಗೇ ಮಾಡ್ತಾರಲ್ಲ? ನಮ್ಮೂರಿಗೂ ಬಂದಿದ್ರು, ಮನಿ ಮನಿ ಅಡ್ಡಾಡಿ.

ಅಂಕಿಅಂಶ, ಬೀದರ
ಹೌದ್ರಿ. ಪ್ರಥಮ್ ಸಂಸ್ಥೆದವರು 2005ರಿಂದ. ಹಳ್ಳಿ ಮಾತ್ರ, ಶಹರ ಇಲ್ಲ. ಅಕ್ಷರ, ಪದ, 1ನೇ ತರಗತಿ ಮಟ್ಟದ ಸಾಲು, 2ನೇ ತರಗತಿ ಮಟ್ಟದ ಕತಿ; ಲೆಕ್ಕದಾಗ ಅಂಕಿ ಗುರುತು, ದಶಕ ತಗೊಂಡು ಕಳಿಯೋದು, ಭಾಗಾಕಾರ. 14 ವರ್ಷದವನಿಗೂ ಅದೇ ಹಾಳಿ. ವಿಜ್ಞಾನ, ಸಮಾಜ ಅಲ್ಲಿಲ್ಲ. ಆದ್ರ ಎರಡು ಲಾಭ: ಮನಿಗೇ ಹೋಗೋದ್ರಿಂದ ಅವತ್ತು ಶಾಲೆ ತಪ್ಪಿಸಿದವನೂ ಸಿಗ್ತಾನ, ಮತ್ತ ವರ್ಷ ವರ್ಷ ಅದೇ ಮಟ್ಟದ ಪ್ರಶ್ನೆ ಇರೋದ್ರಿಂದ ಹಿಂದಿಂದು-ಮುಂದಿಂದು ಹೋಲಿಸಬಹುದು. 2024ರಾಗ ದೇಶದ ಹಳ್ಳಿಗಳ 3ನೇ ತರಗತಿ ಮಕ್ಕಳ ಪೈಕಿ 2ನೇ ತರಗತಿ ಕತಿ ಓದಿದವರು ಶೇ. 27.1. ಪರಖ್‌ನಾಗ ಅದೇ ತರಗತಿಗೆ ಭಾಷೆ 64.

ಸೇಡಂ ಕಲ್ಲು
ಒಂದೇ ಹುಡುಗ್ರಿಗೆ ಒಬ್ಬರು 64, ಇನ್ನೊಬ್ಬರು 27! ಯಾರು ಸುಳ್ಳು?

ಅಂಕಿಅಂಶ, ಬೀದರ
ಇಬ್ಬರೂ ಸುಳ್ಳಲ್ಲ. ಒಂದು, ಕೇಳಿದ್ದರಾಗ ಎಷ್ಟು ಪಾಲು ಸರಿ ಅನ್ನೋ ಸರಾಸರಿ. ಇನ್ನೊಂದು, ಇಂಥ ಮಟ್ಟ ಮುಟ್ಟಿದವರು ನೂರಕ್ಕ ಎಷ್ಟು ಮಂದಿ ಅನ್ನೋ ಲೆಕ್ಕ. ಎರಡಕ್ಕೂ ಹಿಂದ "ಶೇಕಡಾ" ಅಂತ ಇರೋದ್ರಿಂದ ಪೇಪರ್‌ನವರು ಒಂದೇ ಚೀಲಕ್ಕ ಹಾಕ್ತಾರ.

ತೊಗರಿ ರಾಶಿ, ಆಳಂದ
ಹಂಗಾದ್ರ 2021ಕ್ಕೂ 2024ಕ್ಕೂ ಹೋಲಿಸಿ ಏರಿತು-ಇಳೀತು ಅನ್ನಬಹುದಲ್ಲ? ಅವೆರಡೂ ಕೇಂದ್ರದ್ದೇ.

ಅಂಕಿಅಂಶ, ಬೀದರ
ಅಲ್ಲೂ ತ್ರಾಸ ಅದ ಅಣ್ಣಾ. 2021ರಾಗ 500ರ ಮಾಪಕ. ಗಣಿತ 3ನೇ ತರಗತಿಗೆ 306, 5ಕ್ಕ 284, 8ಕ್ಕ 255, 10ಕ್ಕ 216. 2024ರಾಗ ಶೇಕಡಾ, ಅದೂ 3, 6, 9ನೇ ತರಗತಿ. 2017ರ ಜಿಲ್ಲಾ ಕಾರ್ಡಿನಾಗ ಮತ್ತ ಶೇಕಡಾ ಇತ್ತು. ಮೂರು ಸಲಕ್ಕ ಮೂರು ನಮೂನಿ. ಹುಡುಗನ ಎತ್ತರ ಒಂದು ವರ್ಷ ಇಂಚಿನಾಗ, ಮುಂದಿನ ಸಲ ಗೇಣಿನಾಗ ಅಳದು ಬೆಳದಾನೋ ಇಲ್ಲೋ ಅಂದ್ರ ಯಾರಿಗೆ ಗೊತ್ತಾಗಬೇಕು.

ಸುರಪುರ ಮಾಸ್ತರ
306ರಿಂದ 216ಕ್ಕ ಇಳದದ ಅಲ್ರಿ. ಮ್ಯಾಲ ಹೋದಂಗೆಲ್ಲ ಗಣಿತ ಕುಸೀತದ. ಪ್ರಾಥಮಿಕದಾಗ ಬುನಾದಿ ಗಟ್ಟಿ ಇಲ್ದ ನಮ್ಮ ಕೈಗೆ ಬಂದ್ರ ನಾವೇನು ಮಾಡೋಣ? ಪರಖ್‌ನವರೇ 9ನೇ ತರಗತಿಗೆ ಕೇಳಿದ್ದು 8ರ ತನಕ ಕಲೀಬೇಕಾದ ಸಾಮರ್ಥ್ಯ. ಹೊಸ ಶಿಕ್ಷಣ ನೀತಿಯ ಮಧ್ಯಮ ಹಂತ (6ರಿಂದ 8) ಮುಗಿಸಿ ಬಂದವರನ್ನ 9ರಾಗ ನೋಡ್ತಾರ. ಹಂಗಂದ್ರ ಈ 37ರಾಗ ದೊಡ್ಡ ಪಾಲು ಪ್ರಾಥಮಿಕದವರದು.

ಹತ್ತಿ ಹೊಲ, ಶಹಾಪುರ
ಆಹಾ ಮಾಸ್ತರ್ರೇ! ಪಂಡಿತರು ನಿಮ್ಮ ಮ್ಯಾಲ ಹಾಕಿದ್ರು ಅಂತ ಅಳಕೋತ ಬಂದ್ರಿ, ಈಗ ಅದನ್ನೇ ನಮ್ಮ ಮ್ಯಾಲ ಹಾಕ್ತೀರಿ. 8ನೇ ತರಗತಿ ನಿಮ್ಮ ಪ್ರೌಢಶಾಲ್ಯಾಗೇ ಇಲ್ಲೇನು? ನಮ್ಮಲ್ಲಿ ಒಬ್ಬ ಮಾಸ್ತರ ಮೂರು ತರಗತಿ ಒಂದೇ ಖೋಲ್ಯಾಗ ಹಿಡಕೊಂಡು ನಲಿ-ಕಲಿ ನಡಸ್ತಾನ. ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ, ತತ್ತಿ-ಬಾಳೆಹಣ್ಣಿನ ಲೆಕ್ಕ, ಎಲ್ಲಾ ನಮ್ಮ ತಲೀ ಮ್ಯಾಲ. ಒಂದು ವಾರ ಬಂದು ಕುಂದರ್ರಿ.

ಇನ್ನೊಂದು. 2021ರ ಆ 3ನೇ ತರಗತಿಯವರು, 10ನೇ ತರಗತಿಯವರು ಬ್ಯಾರೆ ಬ್ಯಾರೆ ಹುಡುಗ್ರು. ಒಬ್ಬನೇ ಹುಡುಗ ಇಳಕೋತ ಹೋದ ಅಂತ ಓದಬಾರದು. ಕರೋನಾದಾಗ ಶಾಲೆ ಮುಚ್ಚಿ ತೆರೆದ ಕೆಲವೇ ದಿನಕ್ಕ ಮಾಡಿದ ಸರ್ವೇ ಅದು.

ಸುರಪುರ ಮಾಸ್ತರ
ಸಿಟ್ಟಾಗಬ್ಯಾಡ್ರಿ ಸರ, ಪಾಲು ಅಂದೆ, ಪೂರಾ ಅನಲಿಲ್ಲ.

ಹತ್ತಿ ಹೊಲ, ಶಹಾಪುರ
"ದೊಡ್ಡ ಪಾಲು" ಅಂದ್ರಿ. ಮ್ಯಾಲ ಬರದದ.

ಕನ್ನಡ ಮೇಡಂ, ಭಾಲ್ಕಿ
ಇಬ್ಬರೂ ನೀರು ಕುಡೀರಿ. ಸರಾಸರಿ ಬಿಟ್ಟು ವರದಿಯ ಒಳಗಿನ ಹಾಳಿ ನೋಡ್ರಿ, ಅಲ್ಲಿ ಸಾಮರ್ಥ್ಯವಾರು ಕೊಟ್ಟಾರ. 99ರ ತನಕದ ಸಂಖ್ಯೆ ಏರಿಕೆ-ಇಳಿಕೆ ಕ್ರಮದಾಗ ಇಟ್ಟ 3ನೇ ತರಗತಿ ಮಕ್ಕಳು ಶೇ. 55. ಎರಡಂಕಿ ಕೂಡಿಸೋದು-ಕಳಿಯೋದು 58. 6ನೇ ತರಗತಿಯಾಗ 10ರ ತನಕ ಮಗ್ಗಿ ಬರೋದು 53. ಇವು ದೇಶದ ಅಂಕಿ, ನಮ್ಮ ಜಿಲ್ಲಾದ್ದಲ್ಲ. ಆದ್ರ 37 ಅನ್ನೋದಕ್ಕಿಂತ "ಅರ್ಧ ಮಂದಿಗೆ ಮಗ್ಗಿ ಬರಂಗಿಲ್ಲ" ಅನ್ನೋದು ನಾಳೆ ಬೆಳಿಗ್ಗೆ ಕ್ಲಾಸಿಗೆ ಉಪಯೋಗ ಆಗೋ ಮಾತು. ನಮ್ಮ ಶಾಲ್ಯಾಗ ಇದನ್ನ ನೋಡಿನೇ ಪ್ರಾರ್ಥನಾ ಮುಗಿದ ಮ್ಯಾಲ ಹತ್ತು ನಿಮಿಷ ಮಗ್ಗಿ ಹಚ್ಚೀವಿ, ದೊಡ್ಡ ಹುಡುಗ್ರಿಗೂ.

ಹಳೇ ಮುಖ್ಯಗುರು, ಚಿತ್ತಾಪುರ
ನಾವು ಸಣ್ಣವರಿದ್ದಾಗ ಸಂಜಿ ದೀಪ ಹಚ್ಚಿದ ಕೂಡ್ಲೆ ಕಾಲು ಮಗ್ಗಿ, ಅರ್ಧ ಮಗ್ಗಿ, ಮುಕ್ಕಾಲು ಮಗ್ಗಿ ಎಲ್ಲಾ ಒಪ್ಪಿಸಬೇಕಿತ್ತು.

ಜವಾರಿ ಹುಡುಗ, ಕಲಬುರಗಿ
ಅಜ್ಜಾರ, ಈಗ ಮೊಬೈಲ್ ಕೊಟ್ರ ಅದೇ ಒಪ್ಪಿಸ್ತದ.

ಖಾಸಗಿ ಶಾಲೆ ಪಾಲಕ
ಇಷ್ಟೆಲ್ಲಾ ಯಾಕ್ರಿ, ಸರ್ಕಾರಿ ಶಾಲೆ ಅಂದ್ರ ಹಿಂಗೇ. ಅದಕ್ಕ ನಾವು ಫೀಸು ಕಟ್ಟೋದು.

ಅಂಕಿಅಂಶ, ಬೀದರ
ವರದಿ ಹಂಗ ಹೇಳಂಗಿಲ್ಲ. ಪರಖ್‌ನಾಗ 3ನೇ ತರಗತಿಗೆ ಹಳ್ಳಿ ಮಕ್ಕಳು ಶಹರದವರಿಗಿಂತ ಮುಂದ, 6 ಮತ್ತ 9ಕ್ಕ ಶಹರದವರು ಮುಂದ. 9ರಾಗ ಎಲ್ಲಾ ವಿಷಯದಾಗೂ ಮ್ಯಾಲಿರೋದು ಕೇಂದ್ರ ಸರ್ಕಾರದ ಶಾಲೆಗಳು, ಅವೂ ಸರ್ಕಾರಿನೇ. ಅದನ್ನೂ ಹುಷಾರಾಗಿ ಓದಬೇಕು: ನವೋದಯಕ್ಕ ಪ್ರವೇಶ ಪರೀಕ್ಷಾ ಬರದು ಆರಿಸಿ ಬಂದ ಮಕ್ಕಳು ಇರ್ತಾರ. ಶಾಲೆ ಕಲಿಸಿದ್ದೆಷ್ಟು, ಮನಿಯಿಂದ ಬಂದದ್ದೆಷ್ಟು ಅಂತ ಒಂದೇ ದಿನದ ಸರ್ವೇ ಬಿಡಿಸಿ ಹೇಳಲಾರದು.

ಸೇಡಂ ಕಲ್ಲು
ಬ್ಯಾರೆ ಬ್ಯಾರೆ ದೇಶದ 15 ವರ್ಷದ ಹುಡುಗ್ರನ್ನ ಅಳೆಯೋ ಪೀಸಾ ಪರೀಕ್ಷಾದಾಗ ನಮ್ಮ ದೇಶ ಯಾಕಿಲ್ಲ? ಅಲ್ಲಿ ಹೋಗಿ ನೋಡಬೇಕಿತ್ತು.

ಹಳೇ ಮುಖ್ಯಗುರು, ಚಿತ್ತಾಪುರ
2009ರ ಸುತ್ತಿಗೆ ತಮಿಳುನಾಡು, ಹಿಮಾಚಲ ಹೋಗಿದ್ವು. 74ರಾಗ 72, 73. ನಮ್ಮ ಕೆಳಗ ಕಿರ್ಗಿಸ್ತಾನ ಒಂದೇ. ಆಮ್ಯಾಲ ಪ್ರಶ್ನೆ ನಮ್ಮ ಮಕ್ಕಳಿಗೆ ಹೊಂದಂಗಿಲ್ಲ ಅಂತ ಬಿಟ್ರು.

ಸೇಡಂ ಕಲ್ಲು
ಕುಣಿಯಾಕ ಬರದವಳು ನೆಲ ಡೊಂಕು ಅಂದಳಂತ.

ಸುರಪುರ ಮಾಸ್ತರ
ಎಲ್ಲರಿಗೂ ಶರಣು. ಹೋಲಿಕೆ ವಿಷಯ ನನಗ ಬಗೆಹರೀತು. ಈಗ ಆ ವಾರದ ಒಎಂಆರ್ ಟೆಸ್ಟಿನ ಬಗ್ಗೆ ಹೇಳ್ರಿ. ಹುಡುಗ್ರು ಗೋಲ ತುಂಬಾಕ ಕಲಿತ್ರ ಅಂಕಿ ಏರ್ತದೇನು?

ಕೆಂಬಾಳೆ, ಕಮಲಾಪುರ
ಒಂದೆರಡು ಸಲ ಮಾಡಿಸ್ರಿ ಸರ, ಅದು ಬೇಕು. ಹಾಳಿ ಹೆಂಗ ತುಂಬಬೇಕು ಗೊತ್ತಿಲ್ದ ಅರ್ಧ ಗೋಲ, ಎರಡೆರಡು ಗೋಲ ತುಂಬಿ ಬಂದದ್ದು ಹಾಳಾಗೋದು ನಾ ನೋಡೀನಿ. ವಾರ ವಾರ ಬ್ಯಾಡ. ಸರ್ವೇಗೆ ನಿಮ್ಮ ಶಾಲೆ ಬರ್ತದೋ ಇಲ್ಲೋ ಅದೇ ಗೊತ್ತಿಲ್ಲ.

ಅಂಕಿಅಂಶ, ಬೀದರ
ಮಾಡಿಸಿದ್ರ ಮಾರ್ಕ್ಸ್ ಕೂಡಿಸಿ ರ‍್ಯಾಂಕ್ ಹಚ್ಚಬ್ಯಾಡ್ರಿ. ತಪ್ಪು ಆಯ್ಕೆ ಯಾವುದು ಹೆಚ್ಚು ಮಂದಿ ಆರಿಸಿದ್ರು ಅಂತ ನೋಡ್ರಿ. ಕಾಲು ಮತ್ತ ಮೂರನೇ ಒಂದರಾಗ ಯಾವುದು ದೊಡ್ಡದು ಅಂದ್ರ ಇಡೀ ಕ್ಲಾಸು ಕಾಲು ಅಂತ ಗುರುತು ಹಾಕಿದ್ರ, ಕೆಳಗಿನ 4 ನೋಡಿ ದೊಡ್ಡದು ಅಂದ್ಯಾರ ಅಂತ ಗೊತ್ತಾತು. ಅವತ್ತು ಅದೊಂದೇ ಪಾಠ ಮಾಡ್ರಿ.

ಸುರಪುರ ಮಾಸ್ತರ
ಚೊಲೋ ಹೇಳಿದ್ರಿ. ಜೆರಾಕ್ಸ್ ರೊಕ್ಕ ಶಾಲಾ ಅನುದಾನದಾಗ ಹಾಕಬಹುದಾ, ಇಲ್ಲಾ ಕೈಯಿಂದನಾ?

ಹಳೇ ಮುಖ್ಯಗುರು, ಚಿತ್ತಾಪುರ
ಎಸ್‌ಡಿಎಂಸಿ ಸಭಾದಾಗ ಠರಾವು ಬರಸ್ರಿ, ಅಂಗಡಿ ರಸೀದಿ ಇಟ್ಕೋರಿ. ಬಿಳಿ ಚೀಟಿ ಮ್ಯಾಲ ಬರಸಿಕೊಂಡು ಬರಬ್ಯಾಡ್ರಿ, ಆಡಿಟ್‌ನವರು ಒಪ್ಪಂಗಿಲ್ಲ.